ನೀಲವ್ವನ ತೊಂಬತ್ತೊಂದು

ಸ್ಪರ್ಶವೂ ತಂತಿಯಲ್ಲಿ ಹರಿಯತೊಡಗಿದ ಮೇಲೆ ಗುಳೇದಗುಡ್ಡದ ನೇಕಾರರು ಊರು ಬಿಡದೆಯೇ, ದೂರದೂರಿನ ಶಿಷ್ಯರ ಕೈ ಹಿಡಿದು ಕುಪ್ಪಸದ ಖಣ ನೇಯಲು ಕಲಿಸುತ್ತಿದ್ದರು. ಆ ಸ್ಪರ್ಶವೆಲ್ಲ ಹಾದುಹೋಗುವ ರೂಟರಿನ ಕೋಣೆಯನ್ನು ಕಾಯುತ್ತಿದ್ದವಳು ನೀಲವ್ವ.

ಒಂದು ಬೆಳಿಗ್ಗೆ ತಪಾಸಣೆಗೆ ಬಂದ ಎಂಜಿನಿಯರ್ ಹುಂಡೇಕಾರರು ಪರದೆಯಿಂದ ತಲೆ ಎತ್ತಿದರು.

"ಸ್ಪರ್ಶ ಹೊರಗ ಕಳಸೋ ನಿಮ್ಮ ಪೋರ್ಟಿನ ಬಳಕಿ ಬರೇ ಹದಿನೈದು ಪರ್ಸೆಂಟ್ ಐತಿ. ವೇಗ ಅರ್ಧಕ್ಕ ಇಳಸ್ತೀನಿ."

ಇಳಿಸಿದರೆ ಎಷ್ಟೋ ಶಿಷ್ಯರ ಕೈಗೆ ಗುರುವಿನ ಕೈ ಸಿಗುವುದಿಲ್ಲ. ನೀಲವ್ವ ಪರದೆಯ ಹತ್ತಿರ ಬಂದಳು.

"ಲೆಕ್ಕ ಹೆಂಗ ಮಾಡಿದ್ರಿ ಸಾಹೇಬ್ರ?"

"ಕಳಿಸಿದ್ದು ಎಷ್ಟು ಅಂತ ರೂಟರ್ ಎಣಸತೈತಿ. ಅರ್ಧ ತಾಸಿನ ಹಿಂದಿನ ಎಣಿಕಿ ಈಗಿನದರಾಗ ಕಳದ್ನಿ. ಅಷ್ಟು ಹೊತ್ತಿನ್ಯಾಗ ಪೋರ್ಟ್ ಎಷ್ಟು ಕಳಸಬಹುದೋ ಅದರಿಂದ ಭಾಗಿಸಿದ್ನಿ."

"ಈ ಹಳೇ ರೂಟರಿನ ಎಣಿಕಿ ತುಂಬಿದ ಕೂಡ್ಲೆ ಸೊನ್ನಿಗೆ ಬರತೈತ್ರಿ. ಅರ್ಧ ತಾಸಿನ್ಯಾಗ ನಾಕು ಸಲ ತುಂಬೈತಿ. ಆ ನಾಕು ಸುತ್ತು ನಿಮ್ಮ ಲೆಕ್ಕದಾಗ ಬಿಟ್ಟು ಹೋಗ್ಯಾವು. ನಿಮಿಷಕ್ಕೊಮ್ಮೆ ಓದಿ ನೋಡ್ರಿ, ಸುತ್ತು ತಪ್ಪಂಗಿಲ್ಲ."

ಹುಂಡೇಕಾರರು ಮುಖ ಗಂಟಿಕ್ಕಿದರೂ ಓದಿದರು. ಹತ್ತು ನಿಮಿಷ ಓದಿ ಸರಾಸರಿ ತೆಗೆದರು. ತೊಂಬತ್ತೊಂದು.

ಅವರು ವೇಗ ಇಳಿಸಲು ಬರೆದಿಟ್ಟಿದ್ದ ಆದೇಶದ ಚೀಟಿಯನ್ನು ಹರಿದು, ತಪಾಸಣೆಯ ವರದಿಯನ್ನು ಅವಳತ್ತ ಸರಿಸಿದರು.

"ತಪ್ಪು ನಂದವ್ವಾ. ಲೆಕ್ಕ ಮಾಡಿದವರು ಅನ್ನೋ ಕಡೆ ನಿನ್ನ ಹೆಸರು ಬರಿ."

"ನಾ ಕಾವಲಿನಾಕಿ ರೀ."

"ಕಾವಲು ಅಂತ ಬರೀಬ್ಯಾಡ."

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು, ನೆಟ್ಟಗೆ ಕುಳಿತು, ಅಪ್ಪನ ಹೆಸರನ್ನೂ ಸೇರಿಸಿ ದೊಡ್ಡ ಅಕ್ಷರಗಳಲ್ಲಿ ತನ್ನ ಪೂರ್ತಿ ಹೆಸರು ಬರೆದಳು.