ಬೂದ, ಕೆಂಚ ಮತ್ತು ಮುಂದಿನ ಕೋಣೆ

“ಈ ಸಲ ಯಾವುದು ಮುಂದೆ ಬರತ್ತೋ?”

ಅತ್ತೆ ಕೇಳಿದ್ದು ಯಾರನ್ನೂ ಅಲ್ಲ, ಕಿಟಕಿಯ ಸರಳುಗಳನ್ನು. ಅಡುಗೆಮನೆಯಲ್ಲಿ ಸೊಸೆಯ ಕೈಯ ಸೌಟು ಮಾತ್ರ ಒಂದು ಗಳಿಗೆ ನಿಂತಿತು. ಯಾವುದು ಮುಂದೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೆಂಚ. ಹೋದ ವರ್ಷವೂ ಕೆಂಚ, ಅದರ ಹಿಂದಿನ ವರ್ಷವೂ ಕೆಂಚ. ಒಂದೇ ಕ್ಯಾಸೆಟ್ಟಿನಲ್ಲಿ ವರ್ಷಕ್ಕೊಂದು ಕುದುರೆ ಗೆಲ್ಲಲು ಸಾಧ್ಯವಿಲ್ಲ.

ಊರಿನ ಕುದುರೆ ಓಟ ನಿಂತುಹೋಗಿ ಕಾಲವಾಗಿತ್ತು. ಮೈದಾನದಲ್ಲಿ ಈಗ ಬಸ್ ಡಿಪೋ. ಓಟ ನಿಂತ ವರ್ಷವೇ ಮಾವ ತೀರಿಕೊಂಡಿದ್ದರು. ಅತ್ತೆಗೆ ಆ ಓಟವೆಂದರೆ ಪ್ರಾಣ. ಕಾಲು ಕೈಕೊಟ್ಟು, ಗೋಡೆ ಹಿಡಿದು ಮನೆಯೊಳಗಷ್ಟೇ ನಡೆಯುವಂತಾದ ಮೇಲೂ ರೇಡಿಯೊ ಮುಂದೆ ಕೂತು ಕೇಳುತ್ತಿದ್ದವರು. “ಎರಡು ಪೆಟ್ಟು ಒಟ್ಟಿಗೆ ಬೇಡ, ಗುಂಡಿಗೆ ತಡೆಯಲ್ಲ” ಎಂದರು ಡಾಕ್ಟರು. ಸೊಸೆಯ ಗಂಡ ಉಪಾಯ ಮಾಡಿದ. ಮಾವ ಪ್ರತಿವರ್ಷದ ಓಟವನ್ನೂ ರೇಡಿಯೊದಿಂದ ಟೇಪಿಗೆ ಹಿಡಿದಿಟ್ಟಿದ್ದರು. ಕೈಗೆ ಸಿಕ್ಕ ಒಂದು ಕ್ಯಾಸೆಟ್ಟನ್ನು ತನ್ನ ಕೋಣೆಯ ಟೇಪ್ ರೆಕಾರ್ಡರಿಗೆ ಹಾಕಿ, ಗೋಡೆಗೆ ತೂತು ಕೊರೆದು, ಅಮ್ಮನ ಹಳೆಯ ರೇಡಿಯೊದ ಹೊಟ್ಟೆಗೆ ತಂತಿ ಎಳೆದ. ಓಟ ನಿಂತದ್ದನ್ನು ಬಾಯಿಬಿಡಬೇಡಿ ಎಂದು ಬೀದಿಯ ಜನಕ್ಕೂ ಹೇಳಿಟ್ಟದ್ದಾಯಿತು.

ಗುಟ್ಟು ಬಯಲಾಗುವ ಹಾಗಿರಲಿಲ್ಲ. ಆ ಓಟದ ಪದ್ಧತಿಯೇ ಹಾಗೆ: ಕುದುರೆಗಳಿಗೆ ಬೇರೆ ಹೆಸರಿಲ್ಲ, ಮೈಬಣ್ಣವೇ ಹೆಸರು. ಯಾವ ವರ್ಷ ನೋಡಿದರೂ ಒಂದು ಕೆಂಚ, ಒಂದು ಕರಿಯ, ಒಂದು ಬೂದ. ವರ್ಣಿಸುವ ದನಿಯೂ ಒಂದೇ, ಶುರುವಿಗೆ ಹಾಡಿಹೇಳುವ ಪದ್ಯವೂ ಒಂದೇ. ಮಾವ ಕ್ಯಾಸೆಟ್ಟುಗಳ ಮೇಲೆ ಏನನ್ನೂ ಬರೆದಿಡುತ್ತಿರಲಿಲ್ಲ. “ಕೇಳಿದ್ರೆ ಗೊತ್ತಾಗಲ್ವಾ?” ಅನ್ನುತ್ತಿದ್ದರು. ಉಳಿದವು ಅತ್ತೆಯ ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಸೊಸೆ ಹೊಲಿದ ಬಟ್ಟೆ ತಲುಪಿಸಲು ಹೋದಾಗ ಅತ್ತೆ ಅವುಗಳ ಧೂಳು ಒರೆಸಿಡುತ್ತಿದ್ದರು.

ಮನೆಯಲ್ಲೂ ಒಂದು ಪದ್ಧತಿಯಿತ್ತು, ಮಾವ ಹಾಕಿಕೊಟ್ಟದ್ದು. ಓಟಕ್ಕೆ ಮೊದಲು ಒಬ್ಬೊಬ್ಬರೂ ಒಂದು ಕುದುರೆ ಆರಿಸಿಕೊಳ್ಳಬೇಕು. ಗೆದ್ದವರು ಮನೆಯ ಒಂದು ವಿಷಯದಲ್ಲಿ ಹೇಳಿದ್ದೇ ಮಾತು, ಉಳಿದವರು ತುಟಿಪಿಟಕ್ಕೆನ್ನಬಾರದು. ಅತ್ತೆ ಮದುವೆಯಾಗಿ ಬಂದಂದಿನಿಂದ ಬೂದನನ್ನು ಬಿಟ್ಟವರಲ್ಲ.

ಸೊಸೆ ಮೊದಲ ಸಲ ಕೆಂಚ ಎಂದದ್ದು ತಮಾಷೆಗೆ. ಗೆದ್ದು, ಅಡುಗೆಮನೆಗೊಂದು ಕಿಟಕಿ ಕೇಳಿದಳು. ಮುಂದಿನ ಸಲ ಅತ್ತೆಯ ತವರಿನ ಬೀರು ಮನೆಯಿಂದಾಚೆ ಹೋಯಿತು. ಆಮೇಲೆ ನಡುಮನೆಗೆ ಹೊಲಿಗೆ ಯಂತ್ರ ಬಂತು. ಪ್ರತಿಸಲವೂ ಅತ್ತೆ, “ಗೆದ್ದವಳು ನೀನು, ನಂದೇನಿದೆ?” ಎಂದು ನಕ್ಕಿದ್ದರು. ಆ ನಗು ಸೊಸೆಗೆ ಸ್ವಲ್ಪ ಚುಚ್ಚುತ್ತಿತ್ತು. ಸ್ವಲ್ಪವೇ.

ಈ ಸಲದ್ದು ದೊಡ್ಡದು: ಬೀದಿಗೆ ತೆರೆದ ಮುಂದಿನ ಕೋಣೆ. ಅಳತೆ ಕೊಡಲು ಮನೆಯೊಳಗೆಲ್ಲ ಹಾದು ಬರಬೇಕೆಂದರೆ ಗಿರಾಕಿಗಳು ಹಿಂದೆಗೆಯುತ್ತಿದ್ದರು. ಆ ಕೋಣೆ ಸಿಕ್ಕರೆ ಅವಳದು ಅಂಗಡಿಯೇ ಆಗುತ್ತದೆ. ಬೋರ್ಡು ಬರೆಸಿಯೂ ಆಗಿತ್ತು. ಬಾಗಿಲ ಹಿಂದೆ ಗೋಣಿ ಹೊದ್ದು ನಿಂತಿತ್ತು. ಅತ್ತೆಯ ಮಂಚ ಹಿಂದಿನ ಕೋಣೆಗೆ. ಅಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

ಬೀದಿಯ ಕಿಟಕಿಯೇ ಅತ್ತೆಯ ಪ್ರಪಂಚ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸರಳಿನಾಚೆ ಯಾರಾದರೊಬ್ಬರು. ಈಗಲೂ ಯಾರೋ ಕಂಡಕ್ಟರು ಚೀಲ ತಗುಲಿಸಿಕೊಂಡು ನಿಂತಿದ್ದ.

“ಏನಜ್ಜಿ, ಇವತ್ತು ಓಟಾನಾ?”

“ಹೂಂ ಕಣಪ್ಪ. ಬೇಗ ಹೊರಡು, ಇಲ್ಲಿ ನಿಂತು ಗಲಾಟೆ ಮಾಡ್ಬೇಡ.”

ಸೊಸೆ ಅಡುಗೆಮನೆಯಿಂದ ಇಣುಕಿದಳು. ಬಾಯಿಬಿಟ್ಟನೆಂದರೆ ಮುಗಿಯಿತು. ಕಂಡಕ್ಟರು ಕಿಸಕ್ಕನೆ ನಕ್ಕು ಡಿಪೋ ಕಡೆ ನಡೆದ.

ಮಧ್ಯಾಹ್ನ ಮೂವರೂ ಮುಂದಿನ ಕೋಣೆಯಲ್ಲಿ ಕೂತರು.

“ನಂದು ಬೂದ,” ಎಂದರು ಅತ್ತೆ.

“ಅಮ್ಮಾ, ಈ ಸಲನಾದ್ರೂ ಬದಲಾಯಿಸು,” ಎಂದ ಮಗ, ಕಣ್ಣು ತಪ್ಪಿಸುತ್ತಾ. ಅವನದು ಕರಿಯ.

“ನಿಮ್ಮಪ್ಪನ್ನ ಬದಲಾಯಿಸಿದ್ನೇನೋ? ಬೂದನ್ನೂ ಬದಲಾಯಿಸಲ್ಲ. ನೀನು ಹೇಳಮ್ಮ.”

“ಕೆಂಚ.”

“ನಿಂದು ಗಟ್ಟಿ ನಂಬಿಕೆ ಬಿಡು,” ಎಂದರು ಅತ್ತೆ.

ಸೊಸೆ “ಹಾಲಿಟ್ಟು ಬಂದೆ” ಎನ್ನುತ್ತಾ ಎದ್ದು, ಪಕ್ಕದ ಕೋಣೆಗೆ ಹೋಗಿ, ಗುಂಡಿ ಒತ್ತಿ ಬಂದಳು. ಕ್ಯಾಸೆಟ್ಟು ವರ್ಷವಿಡೀ ಯಂತ್ರದೊಳಗೇ ಇರುತ್ತದೆ; ತೆಗೆದು ನೋಡುವ ಗೋಜಿಲ್ಲ.

ಕರಕರ ಸದ್ದು. ಜನರ ಗದ್ದಲ. ಪದ್ಯ. ಅತ್ತೆ ಕಣ್ಣು ಮುಚ್ಚಿ ಕೈ ಜೋಡಿಸಿದರು. ತುಟಿ ಅಲುಗತೊಡಗಿತು, ಎಂದಿನಂತೆ ಜಪವಿರಬೇಕು ಎಂದುಕೊಂಡಳು ಸೊಸೆ. ಅವಳು ಓಟವನ್ನು ಯಾವತ್ತೂ ಕಿವಿಗೊಟ್ಟು ಕೇಳಿದವಳಲ್ಲ. ಕೊನೆ ಗೊತ್ತಿದ್ದ ಮೇಲೆ ಕೇಳುವುದೇನು? ಮಂಚವನ್ನು ಯಾವ ಕಡೆಯಿಂದ ಎತ್ತಿದರೆ ಬಾಗಿಲಲ್ಲಿ ಹಿಡಿಸುತ್ತದೆಂದು ಕಣ್ಣಲ್ಲೇ ಅಳೆಯುತ್ತಾ ಕೂತಳು.

“ಕೊನೆಯ ತಿರುವು! ಕೆಂಚ ಮುಂದೆ, ಕೆಂಚ ಮುಂದೆ... ಅಗೋ ಬೂದ! ಹೊರಗಿನಿಂದ ಬೂದ! ಬೂದ, ಬೂದ, ಬೂದ!”

ಗಂಡನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಸೊಸೆ ಹಾಲಿನ ನೆಪವನ್ನೂ ಹೇಳದೆ ಪಕ್ಕದ ಕೋಣೆಗೆ ಓಡಿದಳು. ಕ್ಯಾಸೆಟ್ಟು ತಿರುಗುತ್ತಿತ್ತು. ಎಲ್ಲ ಕ್ಯಾಸೆಟ್ಟುಗಳೂ ಹೇಗಿರುತ್ತವೋ ಹಾಗೇ ಇತ್ತು.

ಮರಳಿ ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಎಷ್ಟು ಚೆನ್ನಾಗಿ ಓಡ್ತು ನೋಡು,” ಎಂದರು. “ಈ ಸಲ ಗೆದ್ದವಳು ನಾನು. ನನ್ನ ಮಂಚ ಇದ್ದಲ್ಲೇ ಇರ್ಲಿ. ಆ ಬೋರ್ಡು ಪಾಪ, ಗೋಣಿಯೊಳಗೆ ಬೆವರ್ತಿದೆ. ನಡುಮನೆಯಿಂದ ಪಕ್ಕದ ಓಣಿಗೊಂದು ಬಾಗಿಲು ಇಡಿಸ್ಕೊ, ಅದರ ಮೇಲೆ ತಗುಲಿಹಾಕು.”

ಮೋಸವಾಯಿತು ಎನ್ನಬೇಕಾದರೆ ಯಾರಿಂದ ಶುರುವಾದ ಮೋಸ ಎಂದೂ ಹೇಳಬೇಕಾಗುತ್ತದೆ. ಸೊಸೆ ಅತ್ತೆಯ ಮಂಚದ ಅಂಚಿಗೆ ಬಂದು ಕೂತಳು.

“ಅತ್ತೆ... ನಾಳೆ ಇನ್ನೊಂದು ಓಟ ಇದೆಯಂತೆ. ಅದನ್ನೂ ಸೇರಿಸ್ಕೊಳ್ಳೋಣ್ವಾ?”

“ಆಗಲ್ಲ,” ಎಂದರು ಅತ್ತೆ. “ಅಷ್ಟೊಂದು ಬಸ್ಸುಗಳ ಮಧ್ಯೆ ಕುದುರೆ ಓಡಿಸೋಕಾಗುತ್ತೇನಮ್ಮ?”