ತಾನಾಗಿ ಹೊತ್ತಿಕೊಳ್ಳದ ಓವನ್

ಪೈಲಟ್ ನಳಿಕೆಯ ಬಾಯಿಂದ ಕಲ್ಲೇಶ್ ಸೂಜಿಯಲ್ಲಿ ಎಳೆದು ತೆಗೆದದ್ದು ತೆಂಗಿನ ನಾರು. ಕಳೆದ ಬಾರಿಯೂ ನಾರೇ. ಅದರ ಹಿಂದಿನ ಬಾರಿಯೂ ನಾರೇ.

ಮೊದಲ ಸಲ ಮಾತ್ರ ಮಸಿಯಿತ್ತು. ಅದು ಸಹಜ. ಗ್ಯಾಸ್ ಓವನ್ ಸಾಕಷ್ಟು ಬಿಸಿಯಾದೊಡನೆ ದೊಡ್ಡ ಉರಿ ನಿಲ್ಲುತ್ತದೆ; ಬಿಸಿ ಇಳಿದಾಗ, ಮೂಲೆಯಲ್ಲಿ ಸದಾ ಉರಿಯುವ ಪೈಲಟ್ ಎಂಬ ಪುಟ್ಟ ಜ್ವಾಲೆ ಅದನ್ನು ಮತ್ತೆ ಹೊತ್ತಿಸುತ್ತದೆ. ಪೈಲಟ್ ಆರಿದರೆ ಓವನ್ ತಾನಾಗಿ ಹೊತ್ತಿಕೊಳ್ಳದು. ಮಸಿ ಕಟ್ಟಿ ಪೈಲಟ್ ಆರುವುದುಂಟು. ಆದರೆ ನಾರು ಗೋಲಿಯಂತೆ ಸುತ್ತಿಕೊಂಡು, ತಗಡಿನ ಮುಚ್ಚಳ ದಾಟಿ, ನಳಿಕೆಯೊಳಗೆ ಹೋಗಿ ಕೂರುವುದಿಲ್ಲ. ಯಾರಾದರೂ ತುರುಕಬೇಕು.

ಹೊನ್ನವಳ್ಳಿಯ ಈ ಮನೆಯಲ್ಲಿ ಇರುವವರು ಅಂಕಮ್ಮ ಮತ್ತು ಅವಳ ಸೊಸೆ ಅನಿತಾ, ಇಬ್ಬರೇ. ಅಂಕಮ್ಮನ ಒಬ್ಬನೇ ಮಗ ಗೋಡೆಯ ಫೋಟೊದಲ್ಲಿದ್ದ. ಅದರ ಹಾರ ಒಣಗಿ ಕಪ್ಪಾಗಿದ್ದರೂ ಯಾರೂ ಬದಲಿಸಿರಲಿಲ್ಲ. ಅನಿತಾ ಬನ್ನು, ಕೊಬ್ಬರಿ ಬಿಸ್ಕತ್ತು ಬೇಯಿಸಿ ಬಸ್ಸಿನಲ್ಲಿ ತಿಪಟೂರಿನ ಅಂಗಡಿಗಳಿಗೆ ಕಳಿಸುತ್ತಿದ್ದಳು. ಓವನ್ ಕೆಟ್ಟಾಗಲೆಲ್ಲ ಎಸ್‌ಟಿಡಿ ಬೂತಿನಿಂದ ಕಲ್ಲೇಶನ ರಿಪೇರಿ ಅಂಗಡಿಗೆ ಫೋನ್ ಮಾಡುತ್ತಿದ್ದವಳೂ ಅವಳೇ.

"ಸಿಕ್ತೇನಪ್ಪ ದೆವ್ವ?" ಅಂಕಮ್ಮ ಬಾಗಿಲಲ್ಲಿ ನಿಂತಿದ್ದಳು. "ರಿಪೇರಿ ಕಲ್ತಿದ್ದೀಯೋ, ಬರೀ ಬ್ಯಾಗು ಹೊತ್ಕಂಡು ತಿರುಗ್ತೀಯೋ?"

"ಸಿಕ್ತು ಕಣವ್ವ. ನಾರಿತ್ತು."

"ತೆಂಗಿನ ಸೀಮೇಲಿ ನಾರು ಎಲ್ಲಿರಲ್ಲ? ಹೋದ್ಸಲನೂ ಇದೇ ಹೇಳ್ದೆ. ಒಂದ್ಸಲಕ್ಕೆ ಮುಗಿಯೋ ಕೆಲ್ಸಕ್ಕೆ ಇನ್ನೆಷ್ಟು ಸಲ ಬತ್ತೀಯ?"

ಕಲ್ಲೇಶನ ಕಿವಿ ಬಿಸಿಯಾಯಿತು. ಸೂಜಿಯನ್ನು ಒರೆಸಿ ಡಬ್ಬಿಯಲ್ಲಿಟ್ಟ. "ಸರಿ ಹೋಗೋವರ್ಗೂ ಬತ್ತೀನಿ ಬುಡವ್ವ."

ಅವನನ್ನು ಕಾಡುತ್ತಿದ್ದುದು ಈ ಬೈಗುಳವಲ್ಲ. ಮೊದಲ ಸಲ ಬಂದಾಗ ಅಂಕಮ್ಮ ಪಕ್ಕದಲ್ಲೇ ಕೂತು ಕೇಳಿದ್ದಳು: "ಈ ಸಣ್ಣುರಿ ಆರೋದ್ರೆ ಗ್ಯಾಸು ಮನೆ ತುಂಬ್ಕಳಲ್ವಾ?" ಪೈಲಟ್ ಆರಿದರೆ ಪಕ್ಕದ ತಾಮ್ರದ ಕಡ್ಡಿ ತಣ್ಣಗಾಗುತ್ತದೆ, ಕಡ್ಡಿ ತಣ್ಣಗಾದರೆ ಕವಾಟ ಮುಚ್ಚಿ ಗ್ಯಾಸ್ ನಿಲ್ಲುತ್ತದೆ ಎಂದು ಅವನು ವಿವರಿಸಿದ್ದ. "ಅಂದ್ರೆ ಈ ಕಡ್ಡಿ ಇರೋವರ್ಗೂ ಯಾರ ಜೀವಕ್ಕೂ ಭಯ ಇಲ್ಲ?" ಎಂದು ಅವಳು ಮತ್ತೆ ಕೇಳಿ ಖಚಿತಪಡಿಸಿಕೊಂಡಿದ್ದಳು. ಆಮೇಲೆ ಅವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಸಂಜೆ ಯಾರ ಜೊತೆ ಕೂರುತ್ತಾನೆ ಎಂದು ವಿಚಾರಿಸಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ ಎಂದು ಅವನು ಹೇಳಿದ್ದ.

ಈಗ ಆ ಪ್ರಶ್ನೆಗಳಿಗೆಲ್ಲ ಬೇರೆಯೇ ಅರ್ಥ ಹುಟ್ಟುತ್ತಿತ್ತು. ಇವತ್ತು ನಾರು. ನಾಳೆ ಕವಾಟವೇ ಮುಚ್ಚದಂತೆ ಮಾಡಿದರೆ? ಗ್ಯಾಸ್ ತುಂಬಿದ ಅಡುಗೆಮನೆಯಲ್ಲಿ ಬೆಂಕಿಕಡ್ಡಿ ಗೀರುವವಳು ಅನಿತಾ. ಮಗ ಸತ್ತ ಮೇಲೆ ತೋಟದ ಅರ್ಧ ಸೊಸೆಯ ಪಾಲಿಗೆ ಬಂದಿದೆಯೆಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಯಾರೋ ಆಡಿಕೊಂಡಿದ್ದರು. ಸ್ಟೋವ್ ಸಿಡಿದು ಸತ್ತ ಸೊಸೆಯರ ಸುದ್ದಿಯನ್ನು ಅವನು ಪತ್ರಿಕೆಗಳಲ್ಲಿ ಓದಿದ್ದ.

ಅಂಕಮ್ಮ ಹಿತ್ತಿಲಿಗೆ ಹೋದಳು. ಅನಿತಾ ಕಾಫಿ ತಂದಿಟ್ಟಳು. ಸೆರಗು ಸರಿದಾಗ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ ಕಂಡಿತು. ಅಗಲವಾದ, ಸ್ಪಷ್ಟ ಅಂಚಿನ ಕಲೆ. ದೋಸೆ ಮಗುಚುವ ಕಾದ ಸಟ್ಟುಗವನ್ನು ಒತ್ತಿ ಹಿಡಿದರೆ ಮಾತ್ರ ಆಗುವಂಥದ್ದು.

"ಓವನ್ ತಗುಲ್ತಾ?"

"ಇಲ್ಲ ಕಣ್ರೀ. ಓವನ್ ತರೋಕೆ ಮುಂಚೇನೇ, ಈ ಮನೇಲೇ ಆಗಿದ್ದು." ಅವಳು ಸೆರಗು ಎಳೆದುಕೊಂಡಳು.

ಕಲ್ಲೇಶ್ ಹಿತ್ತಿಲ ಬಾಗಿಲನ್ನೊಮ್ಮೆ ನೋಡಿದ. ಮಾತಾಡಿದರೆ ಮನೆ ಒಡೆದವನಾಗುತ್ತಾನೆ. ಸುಮ್ಮನಿದ್ದರೆ ಇವಳು ಉಳಿಯುವುದಿಲ್ಲ.

"ತಪ್ಪು ತಿಳ್ಕಬೇಡಿ. ನಾರು ತಾನಾಗಿ ಹೋಗಿಲ್ಲ, ತುರುಕಿದಾರೆ. ಓವನ್ ಹಚ್ಚೋಕೆ ಮುಂಚೆ ಕಿಟಕಿ ತೆಗೀರಿ, ಕವಾಟ ಮುಚ್ಚಿದ್ಯಾ ನೋಡಿ. ಅದಕ್ಕಿಂತ, ತೌರುಮನೆಗೆ ಹೋಗ್ಬುಡಿ. ಬೇಕಾದ್ರೆ ನಾನೇ ಬಿಟ್ಟು ಬತ್ತೀನಿ."

"ಯಾರು ತುರುಕಿದ್ದು ಅಂತೀರಿ?"

"ಕಣ್ಣಲ್ಲಿ ನೋಡ್ದೆ ಹೆಸರು ಹೇಳಲ್ಲ. ಮನೇಲಿರೋರು ಇಬ್ರೇ."

ಅನಿತಾ ಅವನ ಮುಖವನ್ನೇ ದಿಟ್ಟಿಸಿದಳು. "ಸುಮ್‌ಸುಮ್ನೆ ಓಡಾಡಿಸ್ತಾರೆ, ಮೇಲೆ ಬೈತಾರೆ. ಸಿಟ್ಟೇ ಬರಲ್ವಾ ನಿಮ್ಗೆ?"

"ಬರ್ದೆ ಇರ್ತದಾ? ಬಂದ್ರೆ ಏನ್ ಮಾಡ್ಲಿ, ವಯಸ್ಸಾದೋರ ಮೇಲೆ ಕೂಗಾಡ್ಲಾ? ಸೈಕಲ್ ತುಳಿಯೋವಾಗ ಇಳಿದು ಹೋಯ್ತದೆ."

ಹಿತ್ತಿಲ ಬಾಗಿಲು ಕಿರುಗುಟ್ಟಿತು. ಅಂಕಮ್ಮ ಎಲ್ಲಿಗೂ ಹೋಗಿರಲಿಲ್ಲ. ಕದದ ಮರೆಯಲ್ಲೇ ನಿಂತಿದ್ದಳು. ಕೈಯಲ್ಲಿ ಕುಡುಗೋಲು. ಅವಳು ಒಳಗೆ ಬರುತ್ತಿದ್ದಂತೆ ಕಲ್ಲೇಶ್ ಎದ್ದು, ಅತ್ತೆ ಸೊಸೆಯರ ನಡುವೆ ಹೋಗಿ ನಿಂತ. ದನಿ ಮಾತ್ರ ಏರಲಿಲ್ಲ.

"ಕೇಳಿಸ್ಕಂಡಿದ್ರೆ ಒಳ್ಳೇದೇ ಆಯ್ತು ಅವ್ವ. ಇವ್ರಿಗೇನಾದ್ರೂ ಆದ್ರೆ ನಾನು ಸುಮ್ಕಿರಲ್ಲ. ನೋಡಿದ್ದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

ಅಂಕಮ್ಮ ಅವನತ್ತ ನೋಡಲೇ ಇಲ್ಲ. ಕುಡುಗೋಲನ್ನು ಗೂಡಿನಲ್ಲಿಟ್ಟು, ಅವನ ಭುಜದಾಚೆಗೆ, ಸೊಸೆಯ ಮುಖ ನೋಡಿದಳು.

"ಏನಂತೀಯೇ? ಸಾಕಾ, ಇನ್ನೊಂದ್ಸಲ ಕರೆಸ್ಬೇಕಾ?"

"ಸಾಕು ಅತ್ತೆ," ಎಂದಳು ಅನಿತಾ. "ಇನ್ಮೇಲೆ ನಾನು ನಾರು ತುರುಕಲ್ಲ, ಇವ್ರು ನಿಮ್ಮ ಮಗನಂಗೆ ಸಿಟ್ಟು ಬಂದಾಗ ಹೆಂಡ್ತಿ ಕೈ ಸುಡೋರಲ್ಲ, ಮದುವೆ ಮಾತಿಗೆ ಇವ್ರವ್ವಂಗೆ ಹೇಳಿಕಳ್ಸಿ."