ಬೇಸ್‌ಮೆಂಟಿನಲ್ಲಿ ಮಲಗಿಸಿಟ್ಟ ಶಿರಾಜ್

ಬಾಟಲಿಯಲ್ಲಿ ಅರ್ಧವೂ ಉಳಿದಿರಲಿಲ್ಲ.

ರಘೋತ್ತಮ ಅದನ್ನು ಬೇಸ್‌ಮೆಂಟಿನ ದೀಪಕ್ಕೆ ಎತ್ತಿ ಹಿಡಿದು ಇನ್ನೊಮ್ಮೆ ನೋಡಿದ. ತಾನು ಮಲಗಿಸಿಟ್ಟಿದ್ದ ಬಾಟಲಿ ಈಗ ನೆಟ್ಟಗೆ ನಿಂತಿತ್ತು. ಬಿರಡೆಯನ್ನು ಯಾರೋ ಒಳಕ್ಕೆ ನೂಕಿದ್ದರು. ಅದು ವೈನಿನಲ್ಲಿ ತೇಲುತ್ತಿತ್ತು. ಬಾಯಿಗೆ ಬಿಳಿ ಬಟ್ಟೆಯ ಚೂರೊಂದನ್ನು ಒಪ್ಪವಾಗಿ ಮಡಚಿ ತುರುಕಿದ್ದರು. ಅಮ್ಮನ ಹಳೆಯ ಸೀರೆಯ ಬಟ್ಟೆ.

ಇನ್ನು ಅರ್ಧ ಗಂಟೆಯಲ್ಲಿ ಹಾಲ್ವರ್ಸನ್ ದಂಪತಿ ಊಟಕ್ಕೆ ಬರುವವರಿದ್ದರು. ಹಾಲ್ವರ್ಸನ್ ಓಕ್ ಬ್ರೂಕ್ ಆಫೀಸಿನಲ್ಲಿ ರಘೋತ್ತಮನ ಬಾಸ್. ಬಡ್ತಿ ಕೊಟ್ಟ ದಿನ ಈ ಬಾಟಲಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದ. ಅವನ ಹೆಂಡತಿಯ ತವರು ಆಸ್ಟ್ರೇಲಿಯಾ. ಅಲ್ಲಿ ಅವರದ್ದೇ ದ್ರಾಕ್ಷಿ ತೋಟ, ಅವರದ್ದೇ ವೈನರಿ. ಮಾವ ಕೈಯಾರೆ ಮಾಡಿ ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿಟ್ಟಿದ್ದ ಶಿರಾಜ್ ಎಂಬ ಕೆಂಪು ವೈನ್ ಅದು. "ನಾವು ಊಟಕ್ಕೆ ಬಂದ ದಿನ ಒಟ್ಟಿಗೇ ತೆರೆಯೋಣ" ಎಂದಿದ್ದ. ರಘೋತ್ತಮ ಹುಟ್ಟಿದಾಗಿನಿಂದ ಒಂದು ತೊಟ್ಟೂ ಮುಟ್ಟಿದವನಲ್ಲ. ಆದರೂ ಬಾಸಿನ ಎದುರು ಬೇಡವೆನ್ನಲು ನಾಲಿಗೆ ಏಳಲಿಲ್ಲ.

ಈಗ ಅವನು ಹೆದರಿದ್ದು ಬಾಸಿಗಲ್ಲ, ತಾನೇ ಆಡಿದ ಸುಳ್ಳಿಗೆ.

ಬಾಟಲಿ ಮನೆಗೆ ಬಂದ ದಿನಕ್ಕೆ, ಅಮ್ಮ ಶಾರದಮ್ಮ ಮೈಸೂರಿನಿಂದ ಡೆಸ್ ಪ್ಲೇನ್ಸಿನ ಈ ಮನೆಗೆ ಬಂದು ಆಗಷ್ಟೇ ವಾರವಾಗಿತ್ತು. ಮಡಿ ಸೀರೆಯನ್ನು ಯಾರೂ ಮುಟ್ಟಬಾರದೆಂದು ಬೇಸ್‌ಮೆಂಟಿನ ಬಟ್ಟೆ ಒಗೆಯುವ ಸಿಂಕಿನ ಪಕ್ಕ ಹಗ್ಗ ಕಟ್ಟಿಸಿಕೊಂಡಿದ್ದಳು. ಅವಳು ಮೆಟ್ಟಿಲಿಳಿದು ಬರುವುದಕ್ಕೂ, ಇವನು ಬಾಟಲಿಯನ್ನು ಸೂಟ್‌ಕೇಸುಗಳ ಹಿಂದೆ ಮಲಗಿಸುವುದಕ್ಕೂ ಸರಿಹೋಯಿತು.

"ಏನೋ ಅದು?"

"ದ್ರಾಕ್ಷಾರಿಷ್ಟ, ಅಮ್ಮ. ಅಜೀರ್ಣಕ್ಕೆ. ಇಲ್ಲೂ ಸಿಗತ್ತೆ."

ಲೇಬಲ್ಲಿನ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರವಿತ್ತು, ಅಮ್ಮನಿಗೆ ಇಂಗ್ಲಿಷ್ ಬಾರದು. ಸುಳ್ಳಿಗೆ ಇನ್ನೇನು ಬೇಕು? ಅಪ್ಪನೂ ರಾತ್ರಿ ಊಟಕ್ಕೆ ಮುಂಚೆ ಹೊಟ್ಟೆಗೆಂದು ದ್ರಾಕ್ಷಾರಿಷ್ಟವನ್ನೇ ತೆಗೆದುಕೊಳ್ಳುತ್ತಿದ್ದ ನೆನಪು. ಓದಿಗೆಂದು ಅಮ್ಮ ರಘೋತ್ತಮನನ್ನು ಚಿಕ್ಕಂದಿನಲ್ಲೇ ಸೋದರಮಾವನ ಮನೆಗೆ ಕಳಿಸಿಬಿಟ್ಟಿದ್ದರಿಂದ, ಕಾಮಾಲೆಯಾಗಿ ತೀರಿಕೊಂಡ ಅಪ್ಪನನ್ನು ಅವನು ಕಂಡದ್ದೆಲ್ಲ ರಜೆಯಲ್ಲಿ ಮಾತ್ರ.

ಅಮ್ಮ ಬಾಟಲಿಯನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ನಿನಗೂ ಶುರುವಾಯ್ತಾ?"

"ಯಾವಾಗ್ಲೋ ಒಂದೊಂದ್ಸಲ" ಎಂದು ಅವನು ಹೊಟ್ಟೆ ಸವರಿಕೊಂಡ.

ಅಂದಿನಿಂದ ಅಮ್ಮನ ಮಾತು ಕಡಿಮೆಯಾಯಿತು. ಊರಿನ ಹಂಬಲವಿರಬೇಕು ಎಂದುಕೊಂಡ. ಆಫೀಸಿನಿಂದ ಬಂದ ಕೂಡಲೇ ಹತ್ತಿರ ಕರೆದು, ಮುಖಕ್ಕೆ ಮುಖ ತಂದು "ದಣಿದಿದೀಯೇನೋ?" ಎಂದು ತಲೆ ಸವರುತ್ತಿದ್ದಳು. ಆ ಅಕ್ಕರೆಗೆ ಮಗರಾಯ ಕರಗಿ ನೀರಾಗುತ್ತಿದ್ದ. ಆಮೇಲೆ ಅವಳು ಸೀರೆ ತರಲೆಂದು ಕೆಳಗೆ ಹೋಗುತ್ತಿದ್ದಳು.

ಸೀರೆ ತರಲೆಂದು! ಈಗ ಅವನಿಗೆ ಎಲ್ಲ ಹೊಳೆಯಿತು. ಇಲ್ಲಿಗೆ ಬಂದಾಗಿನಿಂದ ಅಮ್ಮನ ಹೊಟ್ಟೆ ನೆಟ್ಟಗಿರಲಿಲ್ಲ. ಮಗ ಔಷಧಿ ಎಂದದ್ದನ್ನು ನಂಬಿ ಕುಡಿದಿದ್ದಾಳೆ. ವಿಮಾನದಲ್ಲಿ ಬರೀ ಬಾಳೆಹಣ್ಣು ತಿಂದುಕೊಂಡು ಬಂದವಳು, ಹೊರಗಿನ ನೀರನ್ನೂ ಮುಟ್ಟದವಳು. ಅವಳ ಬಾಯಿಗೆ ಹೆಂಡ ಹೊಯ್ದವನು ಹೆತ್ತ ಮಗ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಮೇಲೆ ಹೆಂಡತಿ ಪದ್ಮಜಾ ಒಬ್ಬಟ್ಟು ತಟ್ಟುತ್ತಿದ್ದಳು. ಬಾಟಲಿ ಕಂಡು ಅವಳ ಕೈ ನಿಂತಿತು.

"ಅಯ್ಯೋ, ಅತ್ತೆ ಕುಡಿದ್ಬಿಟ್ರಾ? ಅವತ್ತೇ ನಿಜ ಹೇಳಿಬಿಡಿ ಅಂದೆ. ಕೇಳಿದ್ರಾ ನೀವು?"

"ಬಾಸ್‌ಗೆ ಏನೋ ಒಂದು ಹೇಳ್ಕೋತೀನಿ. ಅಮ್ಮನಿಗೆ ಏನಂತ ಹೇಳ್ಲಿ?"

"ಹೇಳ್ಲೇಬೇಡಿ. ಗೊತ್ತಿಲ್ದೆ ಆದದ್ದು ಪಾಪ ಅಲ್ಲ. ಗೊತ್ತಾದ್ರೆ ಅವರು ಅನ್ನ ನೀರು ಬಿಟ್ಟು ಕೂತ್ಕೋತಾರೆ."

ಆ ಮಾತು ಕೇಳಲು ಹಿತವಾಗಿತ್ತು. ಅದಕ್ಕೇ ಅವನಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು. ಅಮ್ಮನ ಎದುರು ಇನ್ನೊಂದು ಸುಳ್ಳು ಹೊತ್ತು ತಿರುಗುವ ತ್ರಾಣ ಅವನಲ್ಲಿರಲಿಲ್ಲ.

ಅಮ್ಮ ದೇವರ ಮುಂದೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಬಾಟಲಿ ಹಿಡಿದು ಧಾವಿಸಿ ಬಂದ ಮಗನನ್ನು ಕಂಡವಳೇ ಎದ್ದು ಗೋಡೆಗೆ ಆತುಕೊಂಡಳು. ಅವನು ಹಣೆ ಚಚ್ಚಿಕೊಳ್ಳಲು ಕೈ ಎತ್ತಿದ. ಅಮ್ಮ ಕಣ್ಣು ಮುಚ್ಚಿ ಮುಖ ತಿರುಗಿಸಿದಳು. ವಿಷಯ ಹೇಗೋ ತಿಳಿದುಹೋಗಿದೆ, ನನ್ನ ಮುಖ ನೋಡಲೂ ಅವಳಿಗೆ ಅಸಹ್ಯ ಎಂದುಕೊಂಡ. ಅವಳ ಕಾಲ ಬಳಿ ಕುಸಿದು ಕೂತ.

"ತಪ್ಪಾಯ್ತು ಅಮ್ಮ. ಇದು ಔಷಧಿ ಅಲ್ಲ, ಹೆಂಡ. ಬಾಸ್ ಕೊಟ್ಟಿದ್ದು. ನಾನು ಇದನ್ನ ಬಾಯಿಗೂ ಹಾಕಿಲ್ಲ, ನಿನ್ನಾಣೆ. ನಿನ್ನ ಹತ್ರ ಹೇಳಕ್ಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ. ನೀನು ನನ್ನ ನಂಬಿ ಕುಡಿದ್ಬಿಟ್ಟೆ."

ಅಮ್ಮ ನಿಧಾನವಾಗಿ ಕಣ್ಣು ತೆರೆದಳು. ಬಾಗಿಲಲ್ಲಿ ನಿಂತಿದ್ದ ಪದ್ಮಜಾಳನ್ನು ನೋಡಿದಳು, ಕಾಲ ಬಳಿಯಿದ್ದ ಮಗನನ್ನು ನೋಡಿದಳು. ಹೊರಗೆ ಕಾರು ಬಂದು ನಿಂತ ಸದ್ದಾಯಿತು, ಯಾರೂ ಅಲುಗಲಿಲ್ಲ.

"ನಾನೆಲ್ಲಿ ಕುಡಿದ್ನೋ? ದಿನಾ ಇಷ್ಟಿಷ್ಟೇ ಸಿಂಕಿಗೆ ಚೆಲ್ತಿದ್ದೆ" ಎಂದಳು ಅಮ್ಮ. "ಎಲ್ಲಾ ಒಂದೇ ಸಲ ಚೆಲ್ಲಿದ್ರೆ, ನಿಮ್ಮಪ್ಪನ ಹಾಗೆ ನೀನೂ ನನ್ನ ಎಲ್ಲಿ ಹೊಡೀತೀಯೋ ಅಂತ."